ಪಿಟ್‌ಬುಲ್‌ಗೆ ಜಾಲರಿ ಮಂಚ: ಮಲೆನಾಡಿನ ಮಳೆಗೆ ತಡೆಯುತ್ತದೆಯೇ?

ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗಾಲದಲ್ಲಿ ನೆಲಕ್ಕೆ ಹಾಸಿದ ಗೋಣಿಚೀಲ ಎರಡೇ ದಿನಕ್ಕೆ ಮುಗ್ಗಲು. ಪಿಟ್‌ಬುಲ್ ತಳಿಯ ನಾಯಿಗೋ ಮೈಕೂದಲು ಗಿಡ್ಡ, ಹೊಟ್ಟೆಯಡಿ ಬಹುತೇಕ ಬೋಳು. ಥಂಡಿ ನೆಲದಲ್ಲಿ ಚರ್ಮ ಬೇಗ ಕೆಂಪಾಗುತ್ತದೆ. ಜಾಲರಿ ಬಿಗಿದ, ಮುಕ್ಕಾಲು ಅಡಿ ಎತ್ತರದ ಈ ಕಬ್ಬಿಣದ ಮಂಚದಡಿ ಗಾಳಿ ಆಡುತ್ತದೆ, ಅದೇ ಇದರ ದೊಡ್ಡ ಗುಣ.

ಸುರುಳಿ ಸುತ್ತಿ ಮಲಗಿದಾಗಿನ ಅಳತೆ ನೋಡಿ ಕೊಂಡರೆ ಕೆಟ್ಟಿರಿ. ಈ ಮಹಾರಾಯ ಮಲಗುವುದೇ ಅಂಗಾತ: ನಾಲ್ಕೂ ಕಾಲು ಸೂರಿನತ್ತ, ನಾಲಿಗೆಯ ತುದಿ ಬಾಯಿಯ ಪಕ್ಕಕ್ಕೆ, ಗೊರಕೆ ಜಗಲಿ ತುಂಬ. ಕಳ್ಳ ಬಂದರೆ ಅವನೇ ಎಬ್ಬಿಸಬೇಕು! 25–30 ಕೆಜಿ ನಾಯಿಗೆ 4 ಅಡಿ ಉದ್ದ, 3 ಅಡಿ ಅಗಲ ಬೇಕು.

ಮಲಗುವ ಮುಂಚೆ ಹಾಸಿಗೆ ಕೆರೆಯುವ ಚಾಳಿಯಿಂದ ಜಾಲರಿ ಹರಿಯುವುದು ನಡುವಲ್ಲಲ್ಲ, ಅಂಚಿನ ಹೊಲಿಗೆಯಲ್ಲಿ. ಮೂರು ವಾರಕ್ಕೊಮ್ಮೆ ಉಗುರು ಕತ್ತರಿಸಿ. ಹೊಲಿಗೆಯ ಸಂದಿಯಲ್ಲಿ ಉಣುಗು ಅಡಗುತ್ತದೆ, ವಾರಕ್ಕೊಮ್ಮೆ ಜಾಲರಿ ಬಿಚ್ಚಿ ಬಿಸಿನೀರಿನಲ್ಲಿ ಉಜ್ಜಿ. ಸ್ಕ್ರೂ ತೂತಿನ ಸುತ್ತ ಬಣ್ಣ ಎದ್ದು ತುಕ್ಕು ಹಿಡಿಯುತ್ತದೆ; ಜೋಡಿಸುವ ಮೊದಲೇ ಅಲ್ಲಿಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು ಪೂರ್ತಿ ಒಣಗಿಸಿ.

ಮಂಚದ ಕಾಲಿನ ತುದಿಗೆ ಹಾಕಿದ ರಬ್ಬರ್ ಬುಷ್ ಮಾತ್ರ ಶುದ್ಧ ತಪ್ಪು. ನಾಯಿ ಜಗಿದು ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ಮೊದಲ ದಿನವೇ ಕಿತ್ತು, ಪೈಪಿನೊಳಗೆ ಮರದ ಗೂಟ ಬಿಗಿಯಾಗಿ ಬಡಿಯಿರಿ.