ಕ್ಯೂಗೆ ಆಷ್ ಮರವೋ, ಮೇಪಲ್ ಮರವೋ? ಎರಡನ್ನೂ ಕೀಸಿ, ಆಡಿ ನೋಡಿದ ಮೇಲೆ

ಕೈಯಲ್ಲೇ ಸ್ನೂಕರ್ ಕ್ಯೂ, ಅಂದರೆ ಚೆಂಡು ಹೊಡೆಯುವ ಕೋಲು, ಮಾಡಬೇಕು ಅಂತ ಹೊರಟವರು ಮೊದಲು ಕೇಳುವುದು ಇದನ್ನೇ. ಶಾಫ್ಟಿಗೆ, ಅಂದರೆ ಕೋಲಿನ ಉದ್ದದ ಭಾಗಕ್ಕೆ, ಆಷ್ ತಗೊಳ್ಳಲಾ, ಮೇಪಲ್ ತಗೊಳ್ಳಲಾ? ಎರಡನ್ನೂ ನಾನು ದಾವಣಗೆರೆಯ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಕೀಸಿದ್ದೇನೆ, ಆಡಿದ್ದೇನೆ, ಬೇಸಿಗೆ ಮಳೆಗಾಲ ಎರಡರಲ್ಲೂ ಇಟ್ಟು ನೋಡಿದ್ದೇನೆ. ನನ್ನ ಉತ್ತರ ಆಷ್. ಮೇಪಲ್ ಕೆಟ್ಟ ಮರ ಅಂತಲ್ಲ, ಬರೀ ಆಡುವವರಿಗೆ ಅದೇ ಹೆಚ್ಚು ಇಷ್ಟವಾಗಬಹುದು. ಆದರೆ ಹತ್ತರಿ ಹಿಡಿದು ಕೂತವರಿಗೆ ಆಷ್ ತನ್ನ ಎಳೆಯನ್ನು ತೋರಿಸುತ್ತದೆ, ಮೇಪಲ್ ಮುಚ್ಚಿಡುತ್ತದೆ. ಎಳೆ ಕಾಣದೆ ಒಳ್ಳೆ ಶಾಫ್ಟ್ ಕೀಸುವುದು ಬಹಳ ಕಷ್ಟ.

ಅಳತೆ ಮೊದಲು ಹೇಳಿಬಿಡುತ್ತೇನೆ. ನಿಯಮದಲ್ಲಿ ಕ್ಯೂ 3 ಅಡಿಗಿಂತ ಕಡಿಮೆ ಇರಬಾರದು ಅಂತ ಇದೆ, ಆದರೆ ಸಾಮಾನ್ಯವಾಗಿ ಆಡುವುದು 57–58 ಇಂಚಿನದ್ದು. ಕೈ ಹಿಡಿಯುವ ದಪ್ಪ ಭಾಗವಾದ ಬಟ್‌ನ ತುದಿಯಲ್ಲಿ 29 ಮಿ.ಮೀ. ಆಸುಪಾಸು, ಚೆಂಡಿಗೆ ತಾಗುವ ಟಿಪ್ ಕಡೆ 9.5 ಮಿ.ಮೀ. ತೂಕ 17ರಿಂದ 19 ಔನ್ಸ್, ಅಂದರೆ ಸುಮಾರು 480ರಿಂದ 540 ಗ್ರಾಂ.

ಸ್ನೂಕರ್ ಹುಟ್ಟಿದ್ದು 1875ರಲ್ಲಿ ನಮ್ಮ ಜಬಲ್ಪುರದಲ್ಲೇ, ನೆವಿಲ್ ಚೇಂಬರ್ಲೇನ್ ಅನ್ನುವ ಬ್ರಿಟಿಷ್ ಅಧಿಕಾರಿಯಿಂದ ಅನ್ನುತ್ತಾರೆ. ಆದರೆ ಕ್ಯೂ ಮಾಡುವ ಮರ ಎರಡೂ ಹೊರಗಿನವು. ನಮ್ಮ ಕಡೆ ಸಾಮಿಲ್‌ನಲ್ಲಿ ತೇಗ, ಹೊನ್ನೆ, ಮತ್ತಿ, ಬೇವು ಸಿಗುತ್ತವೆ, ಆಷ್ ಕೇಳಿದರೆ ಮುಖ ನೋಡುತ್ತಾರೆ. ಬೆಂಗಳೂರಿನ ಆಮದು ಮರದ ಅಂಗಡಿಗಳಿಂದಲೇ ತರಿಸಬೇಕು. ಆಷ್‌ಗೆ ಈಗ ಇನ್ನೊಂದು ತಾಪತ್ರಯ ಇದೆ. ಆಷ್ ಮರದ ತೊಗಟೆಯ ಕೆಳಗೆ ಕೊರೆಯುವ ಹಸಿರು ಬಣ್ಣದ ಒಂದು ಜೀರುಂಡೆ 2002ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಕಾಣಿಸಿತು. ಅಲ್ಲಿಂದೀಚೆಗೆ ಕೋಟಿಗಟ್ಟಲೆ ಮರ ಹಾಳು ಮಾಡಿದೆ. ಯೂರೋಪಿನ ಆಷ್‌ಗೆ ಬೇರೆಯದೇ ಶಿಲೀಂಧ್ರ ರೋಗ. ಹಾಗಾಗಿ ಒಳ್ಳೆ ನೇರ ಎಳೆಯ ಆಷ್ ಎಲ್ಲಾದರೂ ಸಿಕ್ಕರೆ ಬಿಡಬೇಡಿ, ಆಮೇಲೆ ನೋಡೋಣ ಅನ್ನಬೇಡಿ.

ಈಗ ಎಳೆಯ ವಿಷಯ. ಆಷ್‌ನಲ್ಲಿ ವರ್ಷ ವರ್ಷದ ಉಂಗುರ ಕಣ್ಣಿಗೆ ಹೊಡೆಯುವ ಹಾಗೆ ಇರುತ್ತದೆ, ಯಾಕೆಂದರೆ ಪ್ರತಿ ವರ್ಷದ ಶುರುವಿನಲ್ಲಿ ಬೆಳೆದ ಭಾಗದಲ್ಲಿ ದೊಡ್ಡ ದೊಡ್ಡ ರಂಧ್ರಗಳ ಒಂದು ಸಾಲು, ಆಮೇಲೆ ಬೆಳೆದದ್ದು ಒತ್ತಾಗಿ ಗಟ್ಟಿ. ಶಾಫ್ಟನ್ನು ತುದಿಯ ಕಡೆಗೆ ಸಣ್ಣ ಮಾಡುತ್ತಾ ಹೋದಂತೆ ಹತ್ತರಿ ಈ ಉಂಗುರಗಳನ್ನು ಓರೆಯಾಗಿ ಕತ್ತರಿಸುತ್ತದೆ. ಆಗ ಎದುರುಬದುರು ಎರಡು ಮೈಯಲ್ಲಿ ಬಾಣದ ಗುರುತುಗಳು ಮೂಡುತ್ತವೆ, ಉಳಿದೆರಡು ಮೈಯಲ್ಲಿ ನೇರ ಗೆರೆ. ಆಟಗಾರರು ಬಾಣ ಮೇಲೆ ಬರುವ ಹಾಗೆ ಹಿಡಿಯುತ್ತಾರಲ್ವಾ, ಅದೇ ಇದು. ನೋಡಲು ಚಂದ, ಸರಿ, ಆದರೆ ಮಾಡುವವರಿಗೆ ಅದು ಅಳತೆಪಟ್ಟಿಯೂ ಹೌದು. ಬಾಣಗಳು ಮಧ್ಯದಲ್ಲೇ ಸಾಲಾಗಿ ನಿಂತರೆ ಎಳೆ ಶಾಫ್ಟಿನ ಉದ್ದಕ್ಕೂ ಹೋಗಿದೆ ಅಂತ ಅರ್ಥ. ಒಂದು ಪಕ್ಕಕ್ಕೆ ಜಾರಿದವೋ, ಎಳೆ ಓರೆಯಾಗಿ ಹೊರಗೆ ಓಡುತ್ತಿದೆ. ಅಂಥದ್ದು ಇವತ್ತಲ್ಲ ನಾಳೆ ಬಾಗುತ್ತದೆ. ಮರ ಇನ್ನೂ ದಪ್ಪ ಇರುವಾಗಲೇ ಇದು ಗೊತ್ತಾಗುವುದರಿಂದ, ಆ ಪಕ್ಕದಿಂದ ಸ್ವಲ್ಪ ಜಾಸ್ತಿ ಕೀಸಿ ಎಳೆಯನ್ನು ಮಧ್ಯಕ್ಕೆ ತರಬಹುದು.

ಮೇಪಲ್‌ನಲ್ಲಿ ಇದ್ಯಾವುದೂ ಸುಲಭಕ್ಕೆ ಕಾಣುವುದಿಲ್ಲ. ರಂಧ್ರಗಳು ತೀರಾ ಸಣ್ಣವು, ಎಲ್ಲಾ ಕಡೆ ಒಂದೇ ಸಮ ಹರಡಿರುತ್ತವೆ, ಮೈ ಬೆಳ್ಳಗೆ ಒಂದೇ ಬಣ್ಣ. ಎಳೆ ಎತ್ತ ಹೋಗುತ್ತಿದೆ ಅಂತ ತಿಳಿಯಲು ನಾನು ಎರಡು ಉಪಾಯ ಮಾಡುತ್ತೇನೆ. ಒಂದು, ನಯ ಮಾಡಿದ ಮೈ ಮೇಲೆ ಪೆನ್ನಿನ ಇಂಕು ಒಂದು ಹನಿ ಬಿಡುವುದು, ಅದು ಎಳೆಯ ದಾರಿಯಲ್ಲೇ ಸಣ್ಣಗೆ ಹರಿಯುತ್ತದೆ. ಇನ್ನೊಂದು, ತುಂಡಿನ ತುದಿಯಲ್ಲಿ ಬೇಡದ ಭಾಗಕ್ಕೆ ಉಳಿ ಇಟ್ಟು ಸೀಳಿ ನೋಡುವುದು. ಸೀಳು ನೇರ ಹೋದರೆ ಮರ ಒಳ್ಳೆಯದು. ಎರಡೂ ಕೆಲಸಕ್ಕೆ ಬರುತ್ತವೆ, ಆದರೆ ಕೀಸುತ್ತಾ ಕೀಸುತ್ತಾ ಪದೇ ಪದೇ ನಿಲ್ಲಿಸಿ ಇಂಕು ಹಾಕುವುದು ಎಷ್ಟೊತ್ತು ಹೇಳಿ? ಆಷ್‌ನಲ್ಲಿ ಕಣ್ಣೇ ಸಾಕು.

ಎರಡನೆಯದು ನಮ್ಮ ಹವೆ. ಏಪ್ರಿಲ್‌ನಲ್ಲಿ ಇಲ್ಲಿ 40 ಡಿಗ್ರಿ ಹತ್ತಿರ ಒಣ ಬಿಸಿಲು, ಜೂನ್ ಕಳೆದ ಮೇಲೆ ಗಾಳಿಯಲ್ಲಿ ತೇವ. ಮರ ಕುಗ್ಗುತ್ತದೆ, ಮತ್ತೆ ಹಿಗ್ಗುತ್ತದೆ. ಎಲ್ಲಾ ದಿಕ್ಕಿಗೂ ಒಂದೇ ಸಮ ಕುಗ್ಗಿದ್ದರೆ ತೊಂದರೆಯೇ ಇರಲಿಲ್ಲ. ಹಸಿ ಮರ ಪೂರ್ತಿ ಒಣಗುವಷ್ಟರಲ್ಲಿ ಅಮೆರಿಕದ ಬಿಳಿ ಆಷ್ ಉಂಗುರದ ಗುಂಟ 7.8 ಶೇಕಡಾ, ತಿರುಳಿನಿಂದ ತೊಗಟೆಯ ಕಡೆಗೆ 4.9 ಶೇಕಡಾ ಕುಗ್ಗುತ್ತದೆ. ಗಟ್ಟಿ ಮೇಪಲ್‌ನಲ್ಲಿ ಅದೇ 9.9 ಮತ್ತು 4.8. ಅಂದರೆ ಮೇಪಲ್‌ನಲ್ಲಿ ಒಂದು ದಿಕ್ಕಿನ ಕುಗ್ಗುವಿಕೆ ಇನ್ನೊಂದರ ಎರಡರಷ್ಟು. ದುಂಡಗೆ ಕೀಸಿದ್ದು ಮೊಟ್ಟೆಯಾಕಾರಕ್ಕೆ ಬರುವುದು ಇದರಿಂದಲೇ. ನನ್ನ ಶೆಡ್ಡಿನಲ್ಲಿ ಮಳೆಗಾಲ ದಾಟಿದ ಮೇಲೆ ಮತ್ತೆ ಸರಿ ಮಾಡಬೇಕಾಗಿ ಬಂದದ್ದು ಹೆಚ್ಚಾಗಿ ಮೇಪಲ್ ಶಾಫ್ಟುಗಳನ್ನೇ.

ಯಾವ ಮರವಾದರೂ ಒಂದೇ ಸಲಕ್ಕೆ ಅಳತೆಗೆ ಇಳಿಸಬಾರದು. ನಮ್ಮ ಬೀದಿಯ ಆಚಾರ್ರು ಶುರುವಿನಲ್ಲೇ ಹೇಳಿದ್ದರು: "ಒಂದೇ ಸಲಕ್ಕೆ ಕೀಸಬ್ಯಾಡ ತಮ್ಮಾ, ಒಂದೆರಡು ವಾರ ಬಿಟ್ಟು ನೋಡು, ಅದು ಎತ್ತಾಗೆ ತಿರುಗುತ್ತೋ ನೋಡ್ಕಂಡು ಆಮ್ಯಾಲೆ ಕೈ ಹಾಕು." ಅವರು ಮಾಡಿದ್ದೆಲ್ಲಾ ಬಾಗಿಲು, ಮಂಚ, ತೊಟ್ಟಿಲು. ಆದರೆ ಕ್ಯೂ ಮಾಡುವವರೂ ಇದನ್ನೇ ಪಾಲಿಸುತ್ತಾರೆ. ಮರದ ಒಳಗಿನ ಬಿಗಿತ ಒಂದು ಪದರ ತೆಗೆದಾಗ ಸಡಿಲವಾಗುತ್ತದೆ, ಆಗ ಅದು ತನಗೆ ಬೇಕಾದ ಕಡೆ ಬಾಗುತ್ತದೆ. ಬಾಗುವುದೆಲ್ಲಾ ಬಾಗಲಿ ಅಂತ ತೂಗುಹಾಕಿ ಬಿಡಬೇಕು. ಗೋಡೆಗೆ ಒರಗಿಸಿ ಇಡಬೇಡಿ.

ಆಟದಲ್ಲಿ ಹೇಗೆ? ಮೇಪಲ್ ಬಿಗಿ, ಆಷ್ ಬಳುಕುತ್ತದೆ ಅಂತ ಸ್ನೂಕರ್ ಪಾರ್ಲರ್‌ಗಳಲ್ಲಿ ಮಾತಿದೆ. ಬಾಗುವುದನ್ನು ತಡೆಯುವ ಶಕ್ತಿಯ ಅಂಕಿ ನೋಡಿದರೆ ಎರಡಕ್ಕೂ ಇರುವ ಅಂತರ ಶೇಕಡಾ 5ರ ಆಸುಪಾಸು. ಒಂದೇ ಮರದ ಎರಡು ತುಂಡುಗಳ ನಡುವೆ ಇದಕ್ಕಿಂತ ಜಾಸ್ತಿ ವ್ಯತ್ಯಾಸ ನಾನೇ ನೋಡಿದ್ದೇನೆ. ಶಾಫ್ಟ್ ಎಲ್ಲಿಂದ ಎಲ್ಲಿಗೆ ಎಷ್ಟು ಸಣ್ಣದಾಗುತ್ತದೆ ಅನ್ನುವುದು ಮರದ ಹೆಸರಿಗಿಂತ ಮುಖ್ಯ. ತುದಿಯಿಂದ ಒಂದು ಅಡಿ ಹಿಂದೆ ಅರ್ಧ ಮಿಲಿಮೀಟರ್ ದಪ್ಪ ಬಿಟ್ಟರೆ ಸಾಕು, ಸೈಡ್ ಕೊಟ್ಟು, ಅಂದರೆ ಚೆಂಡಿನ ಮಧ್ಯ ಬಿಟ್ಟು ಪಕ್ಕಕ್ಕೆ ಹೊಡೆದಾಗ ಚೆಂಡು ಹೋಗುವ ದಾರಿಯೇ ಬೇರೆಯಾಗುತ್ತದೆ. ಹೊಡೆತ ಕೈಗೆ ತಲುಪುವ ರೀತಿಯಲ್ಲಿ ಮಾತ್ರ ವ್ಯತ್ಯಾಸ ನಿಜ. ಆಷ್ ಹೊಡೆತವನ್ನು ಕೈಗೆ ಚೆನ್ನಾಗಿ ತಿಳಿಸುತ್ತದೆ, ಚೆಂಡಿನ ಮಧ್ಯಕ್ಕೆ ತಾಗಿತೋ ಇಲ್ಲವೋ ಅಂಗೈಗೆ ಗೊತ್ತಾಗುತ್ತದೆ. ಮೇಪಲ್‌ನಲ್ಲಿ ಅದು ಸ್ವಲ್ಪ ಮೆತ್ತಗೆ ಬರುತ್ತದೆ.

ಮೇಪಲ್ ಗೆಲ್ಲುವ ಜಾಗ ಒಂದಿದೆ, ಅದನ್ನು ಹೇಳಲೇಬೇಕು. ಎಡಗೈ ಬ್ರಿಡ್ಜ್ ಮೇಲೆ, ಅಂದರೆ ಕ್ಯೂಗೆ ಆಸರೆಯಾಗಿ ಮೇಜಿನ ಮೇಲೆ ಊರುವ ಕೈ ಮೇಲೆ, ಅದು ಜಾರುವ ಚಂದವೇ ಬೇರೆ. ಆಷ್‌ನ ರಂಧ್ರಗಳನ್ನು ಸರಿಯಾಗಿ ತುಂಬದೆ ಬಿಟ್ಟರೆ ಗೆರೆ ಗೆರೆಯಾಗಿ ಬೆರಳಿಗೆ ತಾಗುತ್ತದೆ, ಚಾಕ್ ಪುಡಿ, ಬೆವರಿನ ಕೊಳೆ ಸೇರಿಕೊಳ್ಳುತ್ತದೆ. ತುಂಬುವ ಕೆಲಸಕ್ಕೆ ತಾಳ್ಮೆ ಬೇಕು. ಕಪ್ಪು ಫಿಲ್ಲರ್ ಉಜ್ಜಿ, ಒಣಗಿಸಿ, 400 ನಂಬರಿನ ಸ್ಯಾಂಡ್ ಪೇಪರ್ ಹಾಕಿ, ಮತ್ತೆ ಉಜ್ಜಬೇಕು. ಮೇಪಲ್‌ಗೆ ಇದೊಂದೂ ಬೇಡ.

ಇಲ್ಲೇ ಸಿಗುವ ತೇಗದಲ್ಲಿ ಮಾಡಬಾರದಾ ಅಂತ ತುಂಬಾ ಜನ ಕೇಳುತ್ತಾರೆ. ಮಾಡಿ ನೋಡಿದ್ದೇನೆ, ಬೇಡ. ತೇಗದಲ್ಲಿ ಸಿಲಿಕಾ ಇದೆ, ಹತ್ತರಿಯ ಅಲಗು ಬೇಗ ಮೊಂಡಾಗುತ್ತದೆ. ಮರದಲ್ಲೇ ಎಣ್ಣೆ ಇರುವುದರಿಂದ ಬಟ್ ಅಂಟಿಸುವ ಮುಂಚೆ ಅಸಿಟೋನ್‌ನಿಂದ ಒರೆಸದಿದ್ದರೆ ಅಂಟು ಹಿಡಿಯುವುದಿಲ್ಲ. ಹೊಡೆತವೂ ಮಂಕು.

ಹತ್ತರಿಯೋ, ಮರವನ್ನು ತಿರುಗಿಸಿ ಕಡೆಯುವ ಲೇತ್ ಯಂತ್ರವೋ ಅನ್ನುವುದು ಇನ್ನೊಂದು ಜಗಳ. ಪಕ್ಕದ ಹರಿಹರ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕಾಲದಿಂದಲೂ ಲೇತ್‌ಗೆ ಹೆಸರಾದ ಊರು, ನಮ್ಮ ಕಡೆ ಲೇತ್ ಕೆಲಸ ಬಲ್ಲವರಿಗೆ ಬರವಿಲ್ಲ. ಹಿತ್ತಾಳೆ ಫೆರೂಲ್, ಅಂದರೆ ಟಿಪ್ ಕೂರುವ ಬಳೆ, ಮಾಡಿಸಲು ನಾನೂ ಲೇತ್ ಅಂಗಡಿಗೇ ಹೋಗುತ್ತೇನೆ. ಆದರೆ ಸುಮಾರು ಐದಡಿಯ ಸಣಕಲು ಕೋಲನ್ನು ಲೇತ್‌ಗೆ ಕಟ್ಟಿದರೆ ಮಧ್ಯದಲ್ಲಿ ಅದು ಅದುರುತ್ತದೆ, ಅಲ್ಲಲ್ಲಿ ಆಸರೆ ಕೊಡಬೇಕು. ಅಷ್ಟು ಉದ್ದದ ಲೇತ್ ಮನೆಯಲ್ಲಿ ಎಲ್ಲಿಡುವುದು? ಮುಖ್ಯ ಮಾತೆಂದರೆ ಲೇತ್ ಎರಡು ತುದಿಯ ಸೆಂಟರ್ ನಡುವಿನ ಗೆರೆಯನ್ನು ಮಾತ್ರ ನೋಡುತ್ತದೆ, ಎಳೆ ಎತ್ತ ಹೋದರೂ ಅದಕ್ಕೆ ಸಂಬಂಧವಿಲ್ಲ. ಹತ್ತರಿಯಲ್ಲಿ ಚೌಕದಿಂದ ಎಂಟು ಮೂಲೆ, ಎಂಟರಿಂದ ಹದಿನಾರು, ಅಲ್ಲಿಂದ ದುಂಡು, ಹೀಗೆ ಇಳಿಸುವಾಗ ಪ್ರತಿ ಹಂತದಲ್ಲೂ ಬಾಣಗಳನ್ನು ನೋಡಿಕೊಂಡು ಹೋಗಬಹುದು. ವಿ ಆಕಾರದಲ್ಲಿ ಕೊರೆದ ಒಂದು ಉದ್ದ ಹಲಗೆ, ಹರಿತವಾದ ಹತ್ತರಿ, ದಪ್ಪ ಅಳೆಯಲು ಒಂದು ವರ್ನಿಯರ್ ಇದ್ದರೆ ಆಯ್ತು. ಲೇತ್‌ನಷ್ಟು ಪಕ್ಕಾ ದುಂಡು ಬರುವುದಿಲ್ಲ, ಆಡುವಾಗ ಅದು ಗೊತ್ತೂ ಆಗುವುದಿಲ್ಲ.

ಬಟ್‌ಗೆ ಎಬೊನಿ ಮತ್ತು ಬೀಟೆ ಎರಡನ್ನೂ ಹಾಕಿದ್ದೇನೆ. ಶಾಫ್ಟಿನ ನಾಲ್ಕು ಮೈಯನ್ನು ಓರೆಯಾಗಿ ಕೀಸಿ, ಎದುರುಬದುರು ಎರಡು ಹಲಗೆ ಅಂಟಿಸಿ, ಆರಿದ ಮೇಲೆ ಉಳಿದೆರಡು. ದುಂಡು ಮಾಡಿದಾಗ ನಾಲ್ಕು ಮೊನೆಗಳು ತಾವಾಗಿಯೇ ಮೂಡುತ್ತವೆ. ಕೈಯಲ್ಲಿ ಮಾಡಿದ್ದರ ಮೊನೆ ಸ್ವಲ್ಪ ಗುಂಡಗೆ, ಮೆಶಿನ್ನಿನದ್ದು ಚೂಪು. ಎಬೊನಿ ಹೆಚ್ಚು ತೂಕ, ಹಾಗಾಗಿ ಬಟ್ ಒಳಗೆ ತೂಕಕ್ಕೆ ಹಾಕುವ ಸೀಸ ಕಡಿಮೆ ಸಾಕು. ಆದರೆ ಬೇಸಿಗೆಯಲ್ಲಿ ಸಣ್ಣ ಬಿರುಕು ಬಿಡುವ ಗುಣ ಇದೆ, ದುಬಾರಿ ಬೇರೆ. ಬೀಟೆ ಹಗುರ, ನಮ್ಮ ಹವೆಗೆ ಒಗ್ಗಿದ ಮರ, ಕೀಸುವಾಗ ಬರುವ ಸಿಹಿ ವಾಸನೆಗೇ ಅದನ್ನು ಆರಿಸಿಕೊಳ್ಳಬಹುದು. ಹೊಸ ಬೀಟೆಗೆ ಅರಣ್ಯ ಇಲಾಖೆಯ ನಿಯಮಗಳಿವೆ, ಹೊರದೇಶಕ್ಕೆ ಕಳಿಸುವುದಾದರೆ ಸೈಟ್ಸ್ ಅನ್ನುವ, ಅಪಾಯದಲ್ಲಿರುವ ಗಿಡಮರ ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ನಿಯಮಗಳನ್ನೂ ನೋಡಿಕೊಳ್ಳಬೇಕು. ನಾನು ಬಳಸುವುದು ಹಳೇ ಮಂಚದ ಪಟ್ಟಿಗಳನ್ನು. ಹತ್ತಾರು ವರ್ಷ ಒಣಗಿದ ಮರ, ಇನ್ನು ಅಷ್ಟಾಗಿ ಅಲುಗಾಡುವುದಿಲ್ಲ. ಮನಸ್ಸು ಬೀಟೆ ಕಡೆಗೇ.

ಕೊನೆಗೆ ಮೆರುಗು. ಲ್ಯಾಕರ್ ಹೊಳೆಯುತ್ತದೆ, ಬೇಗ ಮುಗಿಯುತ್ತದೆ, ಆದರೆ ನಮ್ಮ ಬೇಸಿಗೆಯ ಬೆವರು ಕೈಗೆ ಅಂಟಂಟು, ಕ್ಯೂ ಬ್ರಿಡ್ಜ್ ಮೇಲೆ ತಡೆದು ತಡೆದು ಹೋಗುತ್ತದೆ. ಅಗಸೆ ಎಣ್ಣೆ ನಿಧಾನ. ತೆಳ್ಳಗೆ ಸವರಿ, ಉಜ್ಜಿ ಒರೆಸಿ, ಒಂದು ದಿನ ಬಿಟ್ಟು ಮತ್ತೆ ಸವರಬೇಕು. ಆದರೆ ಮರದ ಮೈ ಮರದ ಮೈಯಾಗಿಯೇ ಉಳಿಯುತ್ತದೆ, ಮಾಸಿದರೆ ಮನೆಯಲ್ಲೇ ಮತ್ತೊಂದು ಕೈ ಹಚ್ಚಬಹುದು. ಅಡುಗೆಗೆ ಸಿಗುವ ಹಸಿ ಅಗಸೆ ಎಣ್ಣೆ ಒಣಗಲು ಬಹಳ ದಿನ ತಗೊಳ್ಳುತ್ತದೆ, ಪೇಂಟ್ ಅಂಗಡಿಯಲ್ಲಿ ಬಾಯಿಲ್ಡ್ ಲಿನ್ಸೀಡ್ ಅಂತ ಕೇಳಿ ತನ್ನಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು, ಅದೂ ಮರದ ಪುಡಿ ತುಂಬಿದ ಶೆಡ್ಡಿನಲ್ಲಿ. ಬಿಡಿಸಿ ಹೊರಗೆ ತಂತಿ ಮೇಲೆ ಹರಡಿ ಒಣಗಿಸಿ, ಇಲ್ಲವೇ ಬಕೆಟ್ ನೀರಿನಲ್ಲಿ ಮುಳುಗಿಸಿಡಿ.