ತುರ್ತು ಪೆಟ್ಟಿಗೆ ಇದೆ ಅಂತ ನಂಬಿ ಕೂರಬೇಡಿ

ಚಿತ್ರದುರ್ಗದ ನಮ್ಮ ಓಣಿಯಲ್ಲಿ ಒಂದು ಚಿಕ್ಕ ವಾಚನಾಲಯ ಇದೆ. ಹಳೇ ಕಡತ, ಪತ್ರಿಕೆ, ಮನೆಮನೆಯಿಂದ ಬಂದ ಪುಸ್ತಕ ಎಲ್ಲ ಸೇರಿ ನಾಲ್ಕು ಬೀರು ತುಂಬಿವೆ. ನೀರು ನುಗ್ಗಿದರೆ ಇರಲಿ ಅಂತ ಕಬ್ಬಿಣದ ಟ್ರಂಕೊಂದರಲ್ಲಿ ಟಾರ್ಪಾಲು, ಟಾರ್ಚ್, ಕೈಗವಸು, ಬ್ಲಾಟಿಂಗ್ ಪೇಪರ್ ತುಂಬಿ ಬೀಗ ಹಾಕಿದ್ದೆವು. ಆಮೇಲೆ ಮರೆತೇಬಿಟ್ಟೆವು.

2022ರಲ್ಲಿ ಏನು ಮಳೆ ಅಂತೀರಿ! ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ ಅದು. ಒಂದು ರಾತ್ರಿ ವಾಚನಾಲಯದ ಮಾಳಿಗೆ ಸೋರೋಕೆ ಶುರುವಾಯಿತು. ಕರೆಂಟ್ ಇಲ್ಲ. ಟ್ರಂಕಿನ ಕೀಲಿ ಇದ್ದವರು ಮದುವೆಗೆ ಅಂತ ದಾವಣಗೆರೆಗೆ ಹೋಗಿದ್ದರು. ಕಲ್ಲಿನಿಂದ ಬೀಗ ಒಡೆಯೋಕೆ ಮುಕ್ಕಾಲು ಗಂಟೆ ಹಿಡಿಯಿತು.

ತೆಗೆದರೆ ಟಾರ್ಪಾಲೇ ಇಲ್ಲ. ಮೆಕ್ಕೆಜೋಳ ಒಣಗಿಸೋಕೆ ಯಾರೋ ಕೇಳಿ ಒಯ್ದಿದ್ದು ವಾಪಸ್ ಬಂದಿರಲಿಲ್ಲ. ಟಾರ್ಚಿನೊಳಗೆ ಸೆಲ್ ಸೋರಿ ಬಿಳಿ ಪುಡಿ ಕಟ್ಟಿತ್ತು, ಸ್ಪ್ರಿಂಗ್ ಹಸಿರಾಗಿತ್ತು. ಕೈಗವಸುಗಳು ಒಂದಕ್ಕೊಂದು ಅಂಟಿ, ಎಳೆದರೆ ಹರಿದು ಬಂದವು. ಟ್ರಂಕನ್ನು ನೆಲದ ಮೇಲೇ ಇಟ್ಟಿದ್ದೆವಲ್ಲ, ಬ್ಲಾಟಿಂಗ್ ಪೇಪರ್ ಕೆಳಗಿನಿಂದ ಆಗಲೇ ನೀರು ಕುಡಿದಿತ್ತು.

ಬೇರೆ ದಾರಿ ಇಲ್ಲದೆ ದಿನಪತ್ರಿಕೆಗಳನ್ನೇ ಒದ್ದೆ ಹಾಳೆಗಳ ನಡುವೆ ಇಟ್ಟೆವು. ಅದರ ಮಸಿ ಕಡತಕ್ಕೆ ಹತ್ತಿತು. ಅಚ್ಚಾಗದ ಖಾಲಿ ಪೇಪರ್ ಇಟ್ಟುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ. ನುಣುಪು ಹಾಳೆಯ ಚಿತ್ರಪುಸ್ತಕಗಳು ಒಣಗುತ್ತಾ ಇಟ್ಟಿಗೆಯ ಹಾಗೆ ಅಂಟಿಕೊಂಡವು. ಒದ್ದೆ ಇರುವಾಗಲೇ ಡೀಪ್ ಫ್ರೀಜರಿಗೆ ಹಾಕಿದ್ದರೆ ಉಳಿಸಿಕೊಳ್ಳೋಕೆ ಸಮಯ ಸಿಗುತ್ತಿತ್ತು. ಐಸ್‌ಕ್ರೀಂ ಅಂಗಡಿ ಎರಡೇ ಬೀದಿ ಆಚೆ ಇತ್ತು. ಆದರೆ ನಾವು ಮೊದಲೇ ಮಾತಾಡಿಟ್ಟಿರಲಿಲ್ಲ. ಒದ್ದೆ ಕಾಗದಕ್ಕೆ ಬೂಷ್ಟು ಹಿಡಿಯೋಕೆ 48 ಗಂಟೆ ಸಾಕು. ಮೂರನೇ ದಿನ ಬೀರು ತೆಗೆದಾಗ ಬಂದ ವಾಸನೆ ನನಗಿನ್ನೂ ಮರೆತಿಲ್ಲ.

ನಿಮ್ಮ ಮನೆಯಲ್ಲೋ ಮಠದಲ್ಲೋ ಶಾಲೆಯಲ್ಲೋ ಹಳೇ ಕಾಗದ ಇದ್ದರೆ, ದಯವಿಟ್ಟು ಇವತ್ತೇ ಆ ಪೆಟ್ಟಿಗೆ ತೆಗೆದು ನೋಡಿ. ನಾವೀಗ ಟ್ರಂಕ್ ಬಿಟ್ಟು, ಮುಚ್ಚಳ ಇರುವ ಎರಡು ಪ್ಲಾಸ್ಟಿಕ್ ಡಬ್ಬ ಮಾಡಿದ್ದೇವೆ. ಒಂದು ಬಾಗಿಲ ಪಕ್ಕದ ಗೂಡಿನಲ್ಲಿ, ಇನ್ನೊಂದು ಎದುರು ಮನೆಯಲ್ಲಿ. ಒಳಗೇ ಹೋಗೋಕಾಗದಿದ್ದರೆ ಅಂತ. ಬೀಗ ಇಲ್ಲ, ಪ್ಲಾಸ್ಟಿಕ್ ಟೈ ಬಿಗಿದಿದ್ದೇವೆ. ಕತ್ತರಿ ಹೊರಗೇ ನೇತಾಡುತ್ತದೆ. ಟೈ ತುಂಡಾಗಿದ್ದರೆ ಯಾರೋ ಕೈ ಹಾಕಿದ್ದಾರೆ ಅಂತಲೇ ಅರ್ಥ. ಸೆಲ್‌ಗಳನ್ನು ಟಾರ್ಚಿಗೆ ಹಾಕಿಲ್ಲ, ಪ್ಯಾಕೆಟ್ಟಿನಲ್ಲೇ ಇವೆ. ಗುರುತು ಬರೆಯೋಕೆ ಪೆನ್ನಲ್ಲ, ಪೆನ್ಸಿಲ್. ಪೆನ್ನಿನ ಮಸಿ ನೀರಿಗೆ ಹರಡುತ್ತದೆ. ಮೇ ತಿಂಗಳಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಎಲ್ಲ ಹೊರಗೆ ತೆಗೆದು, ಮುಚ್ಚಳದ ಒಳಗೆ ಅಂಟಿಸಿದ ಪಟ್ಟಿಗೆ ತಾಳೆ ಹಾಕುತ್ತೇವೆ.

ಹೋದ ಸಲ ನೋಡಿದಾಗ ಒಂದು ಟಾರ್ಚ್ ಕಡಿಮೆ ಇತ್ತು. ಸಂಜೆಯೇ ಹೊಸದು ತಂದಿಟ್ಟೆ.