ಕಾಪಿರೋತಾದಾಗೆ ಯಾವ ಬ್ರೆಡ್? ನನ್ನ ಓಟು ಬಿರೋತೆಗೆ

ಕಾಪಿರೋತಾದಾ ಅಂದರೆ ಒಣ ಬ್ರೆಡ್ಡನ್ನು ಬೆಲ್ಲದ ಪಾಕದಲ್ಲಿ ನೆನೆಸಿ ಮಾಡುವ ಮೆಕ್ಸಿಕೋದ ಸಿಹಿ. ಮೂರು ಬಗೆಯ ಬ್ರೆಡ್ಡಿನಲ್ಲಿ ಅದನ್ನು ಮಾಡಿ ನೋಡಿದೆ. ಬಿರೋತೆ ಅನ್ನುವ ಬ್ರೆಡ್ಡಿನಲ್ಲಿ ಮಾಡಿದ್ದು ಮಾತ್ರ ಮನೆಯಲ್ಲಿ ಪೂರ್ತಿ ಖಾಲಿಯಾಯಿತು.

ನಾವು ಮೆಕ್ಸಿಕೋದ ಗ್ವಾದಲಹಾರಾ ನಗರಕ್ಕೆ ಬಂದು ಇದು ಮೂರನೇ ವರ್ಷ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಕ್ರೈಸ್ತರ ಉಪವಾಸದ ಕಾಲದಲ್ಲಿ, ಇಲ್ಲಿ ಎಲ್ಲಿ ನೋಡಿದರೂ ಕಾಪಿರೋತಾದಾ. ಒಣಗಿದ ಬ್ರೆಡ್, ಬೆಲ್ಲದ ಪಾಕ, ಕಡಲೆಕಾಯಿ ಬೀಜ, ಒಣದ್ರಾಕ್ಷಿ, ಮೇಲೆ ಉಪ್ಪುಪ್ಪು ಚೀಸ್. ಶುಕ್ರವಾರ ಮಾಂಸ ಬಿಡುವ ದಿನ, ಆವತ್ತು ಹೊಟ್ಟೆ ತುಂಬಿಸುವ ಸಿಹಿ ಇದು. ಬ್ರೆಡ್ ಏಸುವಿನ ದೇಹ, ಪಾಕ ರಕ್ತ, ಲವಂಗ ಮೊಳೆ, ಚಕ್ಕೆ ಶಿಲುಬೆಯ ಮರ ಅಂತ ಪಕ್ಕದ ಮನೆಯ ಅಜ್ಜಿ ಹೇಳಿಕೊಟ್ಟರು. ಅದನ್ನು ಕೇಳಿದ ಮೇಲೆ ಪಾಕಕ್ಕೆ ಲವಂಗ ಹಾಕುವಾಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಪ್ಯಾಕೆಟ್‌ನ ಸ್ಲೈಸ್ ಬ್ರೆಡ್ ಬೇಡವೇ ಬೇಡ. ಪಾಕ ಬಿದ್ದ ಕೂಡಲೇ ಹಿಟ್ಟಾಗುತ್ತದೆ.

ಬೊಲಿಯೋ ಮೆಕ್ಸಿಕೋದ ತುಂಬಾ ಸಿಗುತ್ತದೆ. ಎರಡೂ ತುದಿ ಚೂಪು, ನೆತ್ತಿಯ ಮೇಲೊಂದು ಸೀಳು, ಒಳಗೆ ಹತ್ತಿಯಂಥ ತಿರುಳು. ಹೆಚ್ಚಿನ ಮನೆಗಳಲ್ಲಿ ಕಾಪಿರೋತಾದಾಗೆ ಇದೇ. ನಾನೂ ಮೊದಲ ಸಲ ಸೂಪರ್ ಮಾರ್ಕೆಟ್‌ನಿಂದ ಎಂಟು ಬೊಲಿಯೋ ತಂದೆ. ಬೆಳಗ್ಗೆ ತಂದು ಸಂಜೆ ಮಾಡಿದೆ. ಓವನ್‌ನಿಂದ ತೆಗೆದಾಗ ಮೇಲೆ ಹೊಂಬಣ್ಣ, ನೋಡಲು ಚೆನ್ನಾಗಿಯೇ ಇತ್ತು. ಚಮಚ ಇಳಿಸಿದರೆ ಕೆಳಗೆಲ್ಲ ಅಂಬಲಿ. ಒಂದು ತುಂಡೂ ತುಂಡಾಗಿ ಉಳಿದಿರಲಿಲ್ಲ. ಅಷ್ಟು ಬೆಲ್ಲ, ಅಷ್ಟು ಚೀಸ್ ಹಾಳಾಯಿತಲ್ಲ ಅಂತ ಬಹಳ ಬೇಜಾರಾಯಿತು.

ಅಜ್ಜಿ ರುಚಿ ನೋಡಿ, ‘ಮಿಹಾ, ಬ್ರೆಡ್ ಒಣಗಿಲ್ಲ’ ಎಂದರು. ಮಿಹಾ ಅಂದರೆ ಮಗಳೇ ಅಂತ. ಮುಂದಿನ ವಾರ ಬೊಲಿಯೋ ಹೆಚ್ಚಿ ಎರಡು ದಿನ ಬಿಟ್ಟೆ, ಓವನ್‌ನಲ್ಲೂ ಹುರಿದೆ. ಈ ಸಲ ಪರವಾಗಿಲ್ಲ ಅನ್ನಿಸಿತು. ಆದರೂ ಎಲ್ಲಕ್ಕಿಂತ ಕೆಳಗಿನ ಪದರ ಮತ್ತೆ ಕರಗಿತು.

ತೊಂದರೆಯ ಇನ್ನರ್ಧ ಪಾಕದಲ್ಲಿತ್ತು. ಇಲ್ಲಿನ ಪಿಲೋನ್ಸಿಯೋ ನಮ್ಮ ಅಚ್ಚು ಬೆಲ್ಲದ ತಮ್ಮನೇ, ಶಂಕುವಿನ ಆಕಾರ ಅಷ್ಟೇ. ನೀರಿನಲ್ಲಿ ಕರಗಿಸಿ, ಚಕ್ಕೆ ಲವಂಗ ಹಾಕಿ ಕುದಿಸಿದರೆ ಅಡುಗೆಮನೆಯಲ್ಲಿ ನಮ್ಮೂರ ಹಬ್ಬದ ವಾಸನೆ. ಮೊದಲ ಸಲ ಬೆಲ್ಲ ಕರಗುತ್ತಿದ್ದಂತೆ ಇಳಿಸಿದ್ದೆ, ಪಾಕ ನೀರುನೀರಾಗಿತ್ತು. ಎರಡನೇ ಸಲ ಅಭ್ಯಾಸಬಲದಿಂದ ಒಂದೆಳೆ ಪಾಕ ತೆಗೆದೆ. ಅದು ಬ್ರೆಡ್ ಒಳಗೆ ಇಳಿಯದೆ ಮೇಲೆಯೇ ಗಟ್ಟಿಯಾಯಿತು, ಉಳಿದ ಪಾಕಕ್ಕೆ ನೀರು ಬೆರೆಸಿ ಸುರಿಯಬೇಕಾಯಿತು. ಸರಿಯಾದ ಹದ ಜಾಮೂನಿನ ಪಾಕದ್ದು. ಬೆರಳಿಗೆ ಅಂಟಬೇಕು, ಎಳೆ ಬರಬಾರದು. ಒಂದೇ ಸಲ ಸುರಿಯಲೂಬಾರದು. ಪ್ರತಿ ಪದರಕ್ಕೂ ಸೌಟಿನಲ್ಲಿ ಹಾಕಿ, ಅದು ಇಳಿದ ಮೇಲೆ ಮುಂದಿನ ಪದರ.

ಇನ್ನು ಬಿರೋತೆ. ಇದು ಈ ಊರಿನದೇ ಬ್ರೆಡ್. ಸಿಪ್ಪೆ ಗಟ್ಟಿ, ತಿರುಳು ಬಿಗಿ, ಸ್ವಲ್ಪ ಹುಳಿ, ಸ್ವಲ್ಪ ಉಪ್ಪು. ಇಲ್ಲಿನ ತೋರ್ತಾ ಅಹೋಗಾದಾ ಎಂಬ ಸ್ಯಾಂಡ್‌ವಿಚ್ ತಿಂದವರಿಗೆ ಇದರ ತಾಕತ್ತು ಗೊತ್ತು. ಟೊಮೇಟೊ ಸಾರಿನಲ್ಲಿ ಮುಳುಗಿಸಿಟ್ಟರೂ ಬಿಚ್ಚಿಕೊಳ್ಳುವುದಿಲ್ಲ. ಬೆಲ್ಲದ ಪಾಕದಲ್ಲೂ ಹಾಗೇ. ಬೆರಳಗಲ ಹೆಚ್ಚಿ, ತಟ್ಟಿದರೆ ಟಕ್ ಅನ್ನುವಷ್ಟು ಹುರಿದು ಹಾಕಿದೆ. ಒಳಗೆ ಪಾಕ ಕುಡಿದು ಮೆತ್ತಗೆ, ಅಂಚು ಮಾತ್ರ ಹಲ್ಲಿಗೆ ಸಿಗುವ ಹಾಗೆ. ಆ ಹುಳಿ ಬೆಲ್ಲದ ಸಿಹಿಯನ್ನು ಮುಖಕ್ಕೆ ಹೊಡೆಯದ ಹಾಗೆ ತಡೆಯುತ್ತದೆ. ಬೊಲಿಯೋದಲ್ಲಿ ಎರಡು ಚಮಚಕ್ಕೆ ಸಾಕಪ್ಪಾ ಅನ್ನಿಸುತ್ತಿತ್ತು, ಇದರಲ್ಲಿ ಬಟ್ಟಲು ಖಾಲಿ.

ಚೀಸ್ ಕೋತಿಹಾ ಆದರೆ ಒಳ್ಳೆಯದು, ಉಪ್ಪು ಜಾಸ್ತಿ ಇರುವುದರಿಂದ ಕಡಿಮೆ ಸಾಕು. ಹಾಲು ಹಾಕಿ ಮಾಡುವ ಬಗೆಯೂ ಇದೆ. ನನಗೆ ಬೆಲ್ಲದ್ದೇ ಇಷ್ಟ.

ಬೊಲಿಯೋ ಕೆಟ್ಟದ್ದಲ್ಲ. ಬಿರೋತೆ ಸಿಗದ ಊರಿನಲ್ಲಿದ್ದರೆ ನಾನೂ ಅದನ್ನೇ ಎರಡು ದಿನ ಒಣಗಿಸಿ ಮಾಡುತ್ತಿದ್ದೆ. ಆದರೆ ನಮ್ಮ ಬೀದಿ ತುದಿಯಲ್ಲೇ ಬೇಕರಿ ಇದೆ, ವಾರವಿಡೀ ಮನೆಗೆ ಬರುವುದೂ ಬಿರೋತೆಯೇ. ಉಳಿದದ್ದನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಇಡುತ್ತೇನೆ. ಶುಕ್ರವಾರದ ಹೊತ್ತಿಗೆ ಆರು ಸೇರಿರುತ್ತವೆ, ಬೇರೆ ಬ್ರೆಡ್‌ಗೆ ದುಡ್ಡು ಹಾಕುವ ಹಾಗೇ ಇಲ್ಲ. ಹೋದ ಶುಕ್ರವಾರ ಅಜ್ಜಿಗೆ ಒಂದು ಬಟ್ಟಲು ಕೊಟ್ಟು ಬಂದೆ. ಶನಿವಾರ ಬೆಳಗ್ಗೆ ತೊಳೆದ ಬಟ್ಟಲಿನಲ್ಲಿ ಎರಡು ಪಿಲೋನ್ಸಿಯೋ ಇಟ್ಟು ವಾಪಸ್ ಕಳಿಸಿದ್ದಾರೆ.